ಮೀನು ಕಾಣದೆ ಅರೆದ ಮಸಾಲೆ

ಜರ್ಮನಿಯ ಬೋಡೆನ್‌ಸೇ ಸರೋವರದ ದಡದ ಒಂದು ಊರಿಗೆ ಹೊರಡುವ ಮುನ್ನಾದಿನ ಕಾರ್ಲ್ಸ್‌ರುಹೆಯ ನಮ್ಮ ಮನೆಯಲ್ಲಿ ನಾನು ಮಿಕ್ಸಿ ಹಾಕಿ ಮೀನಿನ ಮಸಾಲೆ ಅರೆಯುತ್ತಿದ್ದೆ. ಒಣಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಧಾರಾಳವಾಗಿ ಹುಳಿ, ಉಪ್ಪು. ನಮ್ಮ ಕುಂದಾಪುರದ ಕಡೆ ಕಡಲಿನ ಬಂಗುಡೆ ಮೀನಿಗೆ ಹಚ್ಚುವ ಮಸಾಲೆ. ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

"ಯಾವ್ ಮೀನಿಗೆ ಅದ್?"

"ಅಲ್ಲಿ ಸಿಕ್ಕೂ ಮೀನಿಗೆ."

"ಮೀನ್ ಕಾಣ್ದೇ ಮಸಾಲೆ ಅರೂದಾ? ಒಳ್ಳೆ ಕಥೆ."

"ಮೀನ್ ಅಂದ್ರೆ ಮೀನೇ ಅಲ್ದಾ ಮಾರಾಯ್ತಿ. ಇಷ್ಟ್ ವರ್ಷ ಅಡ್ಗಿ ಮಾಡಿ ಸಂಸಾರ ಸಾಕದ್ದ್ ನಾನಾ, ನೀನಾ?"

ಅವಳ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಅವರ ಮನೆಯಲ್ಲಿ ಬುಟ್ಟಿ ಇಳಿಸಿ, ಮೀನಿನ ಕಿವಿರು ಎತ್ತಿ ನೋಡಿ, ಬೆರಳಲ್ಲಿ ಒಮ್ಮೆ ಒತ್ತಿ ಆದ ಮೇಲೆಯೇ ಮೆಣಸಿನ ಡಬ್ಬಿಗೆ ಕೈ ಹಾಕುವುದು. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ನಾನು ಅಡುಗೆ ಮಾಡುವ ರೆಸ್ಟೋರೆಂಟಿನಲ್ಲಿ ಮೀನು ಬರುವುದು ಐಸಿನ ಪೆಟ್ಟಿಗೆಯಲ್ಲಿ, ತಲೆ ಚರ್ಮ ಏನೂ ಇಲ್ಲದೆ. ಅದರ ಮುಖ ನೋಡುವ ಪ್ರಶ್ನೆಯೇ ಇಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬೆಂಗಳೂರಿನ ಹೋಟೆಲಿನಲ್ಲಿ ಲೋಟ ತೊಳೆದೆ, ಆಮೇಲೆ ದೋಸೆ ಕಲ್ಲಿನ ಮುಂದೆ ನಿಂತೆ, ಅಲ್ಲಿಂದ ತಂದೂರಿಗೆ ಬಂದೆ. ಆ ತಂದೂರೇ ನನ್ನನ್ನು ಜರ್ಮನಿಗೆ ಕರೆತಂದಿತು. ಕಾರ್ಲ್ಸ್‌ರುಹೆಯಲ್ಲಿ ಓದುವ, ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗರು ಭಾನುವಾರ ಬಂದು ಅಡುಗೆಮನೆಯ ಕಿಟಕಿಗೆ ತಲೆ ತೂರಿಸಿ, "ಗುರು, ಇವತ್ತು ಬೆಣ್ಣೆ ದೋಸೆ ಐತಾ?" ಎಂದು ಕೇಳುತ್ತಾರೆ. ಇದೆ ಎಂದರೆ ಅವರ ಮುಖ ಅರಳುವುದನ್ನು ನೋಡಬೇಕು. ಯಾರ ಮುಂದೆಯೂ ಕೈ ಚಾಚದೆ, ಯಾರಿಂದಲೂ ಒಂದು ಮಾತು ಕೇಳಿಸಿಕೊಳ್ಳದೆ ಇಲ್ಲಿಯವರೆಗೆ ಬಂದಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆದರೆ ಮಾಲೀಕರ ಅಡುಗೆಮನೆ ಎಷ್ಟಾದರೂ ಮಾಲೀಕರದ್ದೇ. ನನ್ನದು ಅಂತ ಒಂದು ಒಲೆ ಬೇಕು ಎಂಬ ಆಸೆ ಬಹಳ ದಿನದ್ದು. ನಮಗೆ ತರಕಾರಿ ತಂದು ಹಾಕುವ ಮನುಷ್ಯನೊಬ್ಬ ಈ ಸರೋವರದ ಊರಿನ ಸುದ್ದಿ ತಂದಿದ್ದ. ಅಲ್ಲಿ ಒಬ್ಬ ಅಜ್ಜಿಯ ಹಳೆಯ ಗಾಸ್ಟ್‌ಹೌಸ್ ಇದೆ. ಕೆಳಗೆ ಊಟ, ಮೇಲೆ ವಾಸ. ಅಜ್ಜಿಗೆ ಮಂಡಿ ನೋವು, ಅಡುಗೆಮನೆಯನ್ನು ಪಾಖ್ಟಿಗೆ, ಅಂದರೆ ಗೇಣಿಗೆ, ಕೊಡಬೇಕೆಂದಿದ್ದಾರೆ. ನಾನು ಫೋನಿನಲ್ಲಿ ಮಾತಾಡಿದೆ. ಆಖೆನ್‌ನಲ್ಲಿ ಓದುತ್ತಿರುವ ನಮ್ಮ ಮಗಳು ಕಾಗದಪತ್ರ ಓದಿ ಅರ್ಥ ಹೇಳಿದಳು. ಅಜ್ಜಿಯದು ಒಂದೇ ಮಾತು: ಅಲ್ಲಿಗೆ ಬರುವವರು ಸರೋವರದ ಮೀನು ತಿನ್ನಲು ಬರುತ್ತಾರೆ, ಆದ್ದರಿಂದ ಬಂದು ಒಂದು ಮೀನು ಮಾಡಿ ತೋರಿಸಬೇಕು.

ಈ ಪಾಖ್ಟಿನ ವಿಷಯವನ್ನು ಹೆಂಡತಿಗೆ ಹೇಳಿರಲಿಲ್ಲ. "ಪರಿಚಯದ ಅಜ್ಜಿ ಒಬ್ರ್ ಊಟಕ್ಕೆ ಕರ್ದಿದ್ರ್, ನಮ್ ಕಡಿ ಮೀನ್ ಮಾಡ್ಕ್ ಅಂದ್ರ್" ಎಂದಷ್ಟೇ ಹೇಳಿದ್ದೆ. ಅವಳು ಒಪ್ಪದಿದ್ದರೆ ಇದು ನಡೆಯುವುದಿಲ್ಲ. ಅವಳನ್ನು ಮತ್ತೊಮ್ಮೆ ಒಂದು ಊರಿನಿಂದ ಕಿತ್ತು ಇನ್ನೊಂದರಲ್ಲಿ ನೆಡುವುದು ನನ್ನೊಬ್ಬನ ಮಾತಿನಿಂದ ಆಗುವ ಕೆಲಸವಲ್ಲ. ಆದರೆ ಕೇಳಿ, 'ಇಲ್ಲ' ಅನ್ನಿಸಿಕೊಳ್ಳುವುದು ನನ್ನ ಸ್ವಭಾವಕ್ಕೆ ಒಗ್ಗದು. ಊರು ತೋರಿಸುತ್ತೇನೆ, ಅವಳಾಗಿಯೇ 'ಚೆಂದ ಇತ್ತ್, ಇಲ್ಲೇ ಇಪ್ಪ' ಎಂದು ಇಲ್ಲಿರುವ ಆಸೆ ತೋರಿಸಲಿ, ಆಗ ವಿಷಯ ಬಿಚ್ಚುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಇದರಲ್ಲಿ ಒಂದೇ ತೊಡಕು. ಈ ದೇಶಕ್ಕೆ ಬಂದಾಗಿನಿಂದ ಅವಳು ಯಾವುದನ್ನೂ ಚೆಂದ ಅಂದವಳಲ್ಲ.

ಅದಕ್ಕೂ ಕಾರಣವಿತ್ತು. ಮೊದಲ ಸಲ ಬರುವಾಗ ಅವಳು ಸೂಟ್‌ಕೇಸಿನಿಂದ ಸೀರೆಗಳನ್ನು ತೆಗೆದಿಟ್ಟು, ತಾಯಿಮನೆಯಲ್ಲಿ ಮಸಾಲೆ ರುಬ್ಬುತ್ತಿದ್ದ ಸಣ್ಣ ಕಡೆಯುವ ಕಲ್ಲನ್ನು ತುಂಬಿಕೊಂಡು ಬಂದಿದ್ದಳು. ವಿಮಾನ ನಿಲ್ದಾಣದವರು ಅದನ್ನು ಹೊರಳಿಸಿ ಹೊರಳಿಸಿ ನೋಡಿದ್ದರು. ನಮ್ಮ ಮನೆ ಮೂರನೇ ಮಹಡಿಯಲ್ಲಿ. ಅವಳು ಕಲ್ಲಿನಲ್ಲಿ ಕಡೆಯಲು ಕೂತರೆ ಕೆಳಗಿನ ಮನೆಯವರ ತಲೆಯೇ ಗುಡುಗುತ್ತಿತ್ತಂತೆ. ಒಮ್ಮೆ ಬಂದು ನಯವಾಗಿ ಹೇಳಿದರು, ಇನ್ನೊಮ್ಮೆ ಬಾಗಿಲಿಗೆ ಚೀಟಿ ಅಂಟಿಸಿದರು. ಕಲ್ಲು ಕೆಲ್ಲರಿಗೆ, ಅಂದರೆ ನೆಲದಡಿಯ ಉಗ್ರಾಣಕ್ಕೆ, ಇಳಿಯಿತು. ಹಳೆಯ ಸೈಕಲ್ಲಿನ ಪಕ್ಕ ಇನ್ನೂ ಅಲ್ಲೇ ಇತ್ತು. ಅವಳು ಜಗಳ ಮಾಡಲಿಲ್ಲ. ಅವತ್ತಿನಿಂದ ಮಿಕ್ಸಿಯಲ್ಲಿ ಅರೆದ ಯಾವ ಚಟ್ನಿಯನ್ನೂ ಅವಳು ನಾಲಗೆಗೆ ಹಚ್ಚಿ ನೋಡಿದ್ದನ್ನು ನಾನು ಕಂಡಿಲ್ಲ.

ಸೋಮವಾರ ನಮ್ಮ ರೆಸ್ಟೋರೆಂಟಿಗೆ ರಜೆ. ಬೆಳಗಿನ ರೈಲು ಕಪ್ಪುಕಾಡಿನ ಗುಡ್ಡಗಳೊಳಗೆ ಸುರಂಗ ಹೊಕ್ಕು, ಹೊರಬಂದು, ಮತ್ತೆ ಹೊಕ್ಕು, ಕಾನ್‌ಸ್ಟಾನ್ಸ್ ತಲುಪಿತು. ಅಲ್ಲಿಂದ ಕಾರು ಬಸ್ಸುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಹೋಗುವ ದೊಡ್ಡ ದೋಣಿ. ಆಚೆ ದಡದಿಂದ ಒಂದು ಬಸ್ಸು.

ಬಸ್ಸು ಇಳಿದು ತಿರುಗಿದರೆ ಊರು ಕಾಲಡಿಗೆ ಬಿಚ್ಚಿಕೊಂಡಿತು. ಮೇಲೆ ಇಳಿಜಾರಿನ ತುಂಬ ದ್ರಾಕ್ಷಿ, ಬಾಚಣಿಗೆಯಲ್ಲಿ ಬಾಚಿದ ತಲೆಯ ಹಾಗೆ ಸಾಲು ಸಾಲು. ಅದರ ಕೆಳಗೆ ಕೆಂಪು ಹೆಂಚಿನ ಮಾಡುಗಳು ಒಂದರ ಹೆಗಲಿಗೊಂದು ಒರಗಿ ನೀರಿನ ತನಕ ಇಳಿದಿದ್ದವು. ನಡುವೆ ಚರ್ಚಿನ ಗೋಪುರ. ಆಚೆ ಬರೀ ನೀರು. ನೀರಿನ ಆ ತುದಿಯಲ್ಲಿ, ಮೋಡವೋ ಬೆಟ್ಟವೋ ಎಂದು ಗೊತ್ತಾಗದ ಹಾಗೆ, ಸ್ವಿಸ್ ದೇಶದ ಹಿಮದ ಸಾಲು. ನಾನು ಚೀಲ ಕೆಳಗಿಟ್ಟು ನಿಂತೇಬಿಟ್ಟೆ. ಒಂದು ಊರು ಇಷ್ಟು ಚೊಕ್ಕವಾಗಿ ಇರಬಹುದು, ಅದೂ ಇಷ್ಟು ಶತಮಾನ ಹಾಗೇ ಉಳಿಯಬಹುದು ಎಂದರೆ ಅದನ್ನು ಇಟ್ಟುಕೊಂಡವರಿಗೆ ಕೈಮುಗಿಯಬೇಕು.

"ಚೆಂದ ಇತ್ತಲ್ದಾ?" ಎಂದೆ.

"ಹೂಂ. ಮೆಟ್ಲ್ ಜಾಸ್ತಿ."

ಗಾಸ್ಟ್‌ಹೌಸ್ ಇದ್ದದ್ದು ದೋಣಿಕಟ್ಟೆಯ ಹಿಂದಿನ ಬೀದಿಯಲ್ಲಿ. ಮುಂದೆ ಕಂಬಗಳ ಮೇಲೆ ದ್ರಾಕ್ಷಿ ಚಪ್ಪರ, ಅದರಡಿ ಬೆಂಚುಗಳು. ಅಜ್ಜಿ ಕೋಲೂರಿಕೊಂಡು ಬಂದು ಇಬ್ಬರ ಕೈಯನ್ನೂ ಗಟ್ಟಿಯಾಗಿ ಕುಲುಕಿದರು. ಅಡುಗೆಮನೆಗೆ ಕರೆದೊಯ್ದು ಮಂಜುಗಡ್ಡೆಯ ಮೇಲಿಟ್ಟ ಮೀನು ತೋರಿಸಿದರು. ಬೆಳ್ಳಿಯ ಮೈ, ಕೆಂಪು ಕಣ್ಣು. ಮೊದಲು ಇಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಬೇರೆ ಮೀನಂತೆ. ಅದು ಕಡಿಮೆಯಾಗಿ ಈಗ ಹಿಡಿಯುವ ಹಾಗಿಲ್ಲ. ಬಲೆಗೆ ಬೀಳುವುದು ಈ ಕೆಂಗಣ್ಣಿನದ್ದು. "ಮುಳ್ಳು ಬಹಳ, ಅದಕ್ಕೆ ಜನ ಮುಟ್ಟುವುದಿಲ್ಲ. ಇದನ್ನು ಜನ ಕೇಳಿ ತಿನ್ನುವ ಹಾಗೆ ಮಾಡುವವರಿಗೆ ಈ ಒಲೆ," ಎಂದು ಜರ್ಮನ್‌ನಲ್ಲಿ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಹೇಳಿದರು.

ಹೆಂಡತಿ ಕೈ ಚಾಚಿ ಮೀನನ್ನು ಒತ್ತಿ ನೋಡಲು ಹೋದಳು. ನಾನು ಅವಳಿಗಿಂತ ಮುಂಚೆ ಡಬ್ಬಿ ತೆರೆದಿದ್ದೆ. ದೊಡ್ಡ ದೊಡ್ಡ ಮೀನು ಆರಿಸಿಕೊಂಡು, ಶುಚಿ ಮಾಡಿ, ನಾಲ್ಕು ಗೀರು ಹಾಕಿ, ಹುಳಿಮೆಣಸಿನ ಮಸಾಲೆಯನ್ನು ಹೊಟ್ಟೆಯೊಳಗೂ ಮೆತ್ತಿದೆ. "ಊರು ನೋಡಿ ಬರುತ್ತೇವೆ, ಅಷ್ಟರಲ್ಲಿ ನೆನೆಯುತ್ತದೆ," ಎಂದೆ. ಅಜ್ಜಿ ತಲೆಯಾಡಿಸಿದರು.

ಊರು ನೋಡಲು ನಮಗೆ ಮಧ್ಯಾಹ್ನದವರೆಗೆ ಸಮಯವಿತ್ತು. ನನಗಂತೂ ಒಂದೊಂದು ಮನೆಯ ಮುಂದೆಯೂ ನಿಲ್ಲುವ ಹಾಗಾಯಿತು. ಗೋಡೆಯ ಸುಣ್ಣದ ನಡುವೆ ಕಪ್ಪು ಮರದ ತೊಲೆಗಳು ಅಡ್ಡ, ಉದ್ದ, ಓರೆಯಾಗಿ ಹೆಣೆದ ಮನೆಗಳು. ಒಂದು ತೊಲೆಯ ಕೀಲಿನ ಮೇಲೆ ಕೈಯಾಡಿಸಿದೆ. ಕಬ್ಬಿಣದ ಮೊಳೆ ಎಲ್ಲೂ ಇಲ್ಲ, ಮರಕ್ಕೆ ಮರದ್ದೇ ಗೂಟ. ಬಾಗಿಲ ಮೇಲೆ ಕಟ್ಟಿದವನ ಗುರುತು, ಇಸವಿ ಕೆತ್ತಿದೆ. ಆ ಮೇಸ್ತ್ರಿ ಯಾವ ಶಾಲೆಗೆ ಹೋಗಿದ್ದನೋ. ಮನೆ ಸ್ವಲ್ಪ ವಾಲಿದೆ ನಿಜ, ಆದರೆ ನಮ್ಮ ಮುದುಕರು ಗೂನು ಬೆನ್ನಲ್ಲೇ ಊರೆಲ್ಲ ತಿರುಗಿ ಬರುತ್ತಾರಲ್ಲ, ಹಾಗೆ ನಿಂತಿದೆ.

ಬೀದಿಗಳು ಒಬ್ಬರಿಗೊಬ್ಬರು ದಾರಿ ಬಿಡಬೇಕಾದಷ್ಟು ಕಿರಿದು. ಕಲ್ಲಿನ ಮೆಟ್ಟಿಲುಗಳ ನಡುಭಾಗ ಜನರ ಕಾಲು ತಾಗಿ ತಾಗಿ ತಟ್ಟೆಯಂತೆ ತಗ್ಗಾಗಿದೆ. ಒಂದು ಮೂಲೆಯಲ್ಲಿ ಕಲ್ಲಿನ ತೊಟ್ಟಿಗೆ ಕೊಳವೆಯಿಂದ ನೀರು ಸುರಿಯುತ್ತಲೇ ಇತ್ತು. ಅದರ ಅಂಚಿನಲ್ಲಿ ಯಾರೋ ಚೆರಿಹಣ್ಣಿನ ಪೊಟ್ಟಣಗಳನ್ನು ಇಟ್ಟು, ಪಕ್ಕದಲ್ಲಿ ಕಾಸಿನ ಡಬ್ಬಿ ಇಟ್ಟು ಹೋಗಿದ್ದರು. ಕಾಯುವವರು ಯಾರೂ ಇಲ್ಲ.

"ಕಂಡ್ಯಾ? ಎಷ್ಟ್ ನಂಬ್ಕಿ ಜನ್ರ ಮೇಲೆ," ಎಂದೆ.

"ಹೌದ್. ಮಾರೂಕೆ ಕೂಕಣ್ದೇ ಇದ್ರೆ ಮಾತಾಡೂಕೆ ಯಾರ್ ಸಿಕ್ಕತ್ರ್? ನಮ್ಮಮ್ಮ ಆಗಿದ್ರೆ ಬ್ಯಾಜಾರ್ ಆಯಿ ಸಾಯ್ತಿದ್ಲ್," ಎಂದಳು. ಆದರೂ ಒಂದು ಪೊಟ್ಟಣ ಎತ್ತಿಕೊಂಡು, ಡಬ್ಬಿಗೆ ಹಣ ಹಾಕಿ, ಹಾಕಿದ್ದು ಕೇಳಿಸಲಿ ಎಂಬಂತೆ ಒಮ್ಮೆ ಕುಲುಕಿದಳು.

ಊರ ನಡುವಿನ ಹಳೆಯ ಕಟ್ಟಡವೊಂದರ ಬಾಗಿಲು ತೆರೆದಿತ್ತು. ಒಳಗೆ ದ್ರಾಕ್ಷಿ ಹಿಂಡುವ ಹಳೆಯ ಯಂತ್ರ. ಯಂತ್ರವೆಂದರೆ, ಒಂದಿಡೀ ಓಕ್ ಮರವನ್ನು ಅಡ್ಡ ಮಲಗಿಸಿದ ಹಾಗಿನ ತೊಲೆ. ಅದರ ತುದಿಗೆ ಮನುಷ್ಯನ ಸೊಂಟಕ್ಕಿಂತ ದಪ್ಪದ ಮರದ ತಿರುಪು, ಕೆಳಗೆ ನೇತಾಡುವ ಬಂಡೆ. ನಮ್ಮ ಎಣ್ಣೆ ಗಾಣ ಇದರ ಮುಂದೆ ಮಗು. ಊರಿನವರೆಲ್ಲ ಸೇರಿ, ಸರದಿಯ ಮೇಲೆ ಹಿಂಡುತ್ತಿದ್ದರಂತೆ. ನಾನು ಬೆರಗಾಗಿ ಸುತ್ತ ಸುತ್ತಿದೆ. ಹೆಂಡತಿ ಬಂಡೆಯ ಮುಂದೆ ಕೂತು, ಅದರ ಉಳಿಯ ಗುರುತುಗಳ ಮೇಲೆ ಅಂಗೈ ಇಟ್ಟಳು.

"ಇದ್ ಒಳ್ಳೆ ಕಲ್ಲ್," ಎಂದಳು.

ಅಷ್ಟೇ. ಆದರೆ ಬೆಳಿಗ್ಗೆಯಿಂದ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ನಾನು ಒಳಗೊಳಗೇ ಉಬ್ಬಿದೆ.

ಕೊನೆಗೆ ದೋಣಿಕಟ್ಟೆಗೆ ಇಳಿದೆವು. ಬಲೆಗಳನ್ನು ಕೋಲಿಗೆ ನೇತುಹಾಕಿದ್ದರು. ಹಂಸಗಳು ಯಾರ ಹಂಗೂ ಇಲ್ಲದ ಹಾಗೆ ತೇಲುತ್ತಿದ್ದವು. ಗಾಳಿ ಎದ್ದು ಅಲೆಗಳು ಕಲ್ಲಿಗೆ ಬಡಿಯುತ್ತಿದ್ದವು. ಅವಳು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ನೀರಿಗಿಳಿದಳು. ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೆ ಒತ್ತಿಕೊಂಡು, ಕಡಲಿನವರ ಅಭ್ಯಾಸ ನೋಡಿ, ನಾಲಗೆಗೂ ಹಚ್ಚಿದಳು. ತಕ್ಷಣ ಮುಖ ಕಿವುಚಿಕೊಂಡಳು.

"ಚಪ್ಪೆ! ಇಷ್ಟ್ ದೊಡ್ಡ್ ನೀರ್, ಒಂದ್ ಹರಳ್ ಉಪ್ಪಿಲ್ಲೆ." ಆಮೇಲೆ ಸ್ವಲ್ಪ ಹೊತ್ತು ಅಲೆ ನೋಡುತ್ತ ನಿಂತು, "ಇದ್ರಲ್ಲ್ ಬೆಳ್ದ್ ಮೀನ್ ಮೆತ್ತಗೆ ಇರತ್ತ್. ಹುಳಿ ತಡೀತಿಲ್ಲೆ. ನಿಮ್ ಮಸಾಲಿ ಈಗ ಅದ್ನ ತಿಂದಿರತ್ತ್ ಕಾಣಿ," ಎಂದಳು.

"ನಿಂಗೆ ಎಲ್ಲ ಗೊತ್ತಿತ್ತ್," ಎಂದು ಗದರಿದೆ.

ಅವಳು ಹೇಳಿದ ಹಾಗೇ ಆಯಿತು. ಅಜ್ಜಿ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಬಾಣಲೆ ಕಾಯಿಸಿ ಮೊದಲ ಮೀನು ಇಟ್ಟೆ. ಮಗುಚಲು ಹೋದರೆ ಅರ್ಧ ಬಂತು, ಅರ್ಧ ಬಾಣಲೆಗೇ ಹಿಡಿಯಿತು. ಎರಡನೆಯದು ಎತ್ತುವಾಗಲೇ ಮುಳ್ಳು ಒಂದು ಕಡೆ, ಮಾಂಸ ಒಂದು ಕಡೆ. ಹುಳಿ ಮತ್ತು ಉಪ್ಪು ಅಷ್ಟು ಹೊತ್ತಿನಲ್ಲಿ ಅದನ್ನು ಗಂಜಿ ಮಾಡಿಟ್ಟಿದ್ದವು. ಅಜ್ಜಿ ಫೋರ್ಕಿನಲ್ಲಿ ಸ್ವಲ್ಪ ತೆಗೆದು ಬಾಯಿಗಿಟ್ಟು, ಬಾಯಿಂದ ಒಂದು ಮುಳ್ಳು ತೆಗೆದರು, ಮತ್ತೊಂದು ತೆಗೆದರು. ನೀರು ಕುಡಿದರು. ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು. ಬೈದಿದ್ದರೆ ವಾಸಿಯಿತ್ತು. ಒಲೆಯ ಮುಂದೆ ನಿಂತು ಏನು ಮಾಡುವುದೆಂದು ತೋಚದೆ ಹೋದದ್ದು ಲೋಟ ತೊಳೆಯುವ ಕಾಲದ ನಂತರ ಅದೇ ಮೊದಲು.

"ಸರೀರಿ ಹ್ವಾಯ್," ಎಂದು ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಬಾಣಲೆ ನನ್ನ ಕೈಯಿಂದ ಹೋಯಿತು.

ಮಂಜುಗಡ್ಡೆಯ ಮೇಲೆ ನಾನು ಬಿಟ್ಟಿದ್ದ ಸಣ್ಣ ಮೀನುಗಳಿದ್ದವು. ಒಂದೊಂದನ್ನೂ ಒತ್ತಿದಳು, ಕಿವಿರು ಎತ್ತಿದಳು, ಮೂಸಿದಳು. ಆಮೇಲೆ ತೆಳ್ಳಗಿನ ಚಾಕು ಹುಡುಕಿ, ಬೆನ್ನಿನಿಂದ ಹೊಟ್ಟೆಯವರೆಗೆ ಒತ್ತೊತ್ತಾಗಿ ಗೀರುತ್ತ ಹೋದಳು. ಕರ ಕರ ಎಂದು ಮುಳ್ಳು ತುಂಡಾಗುವ ಸದ್ದು ಕೇಳಿ ಅಜ್ಜಿ ಕುರ್ಚಿಯಿಂದ ಎದ್ದರು.

"ನಮ್ಮಮ್ಮ ಹೀಗೇ ಗೀರುತ್ತಿದ್ದರು," ಎಂದರು. "ಈಗ ಯಾರಿಗೂ ಅಷ್ಟು ತಾಳ್ಮೆಯಿಲ್ಲ."

ಹೆಂಡತಿ ತನ್ನ ಅಂಗಡಿಬೀದಿ ಜರ್ಮನ್‌ನಲ್ಲಿ, "ಅಮ್ಮ, ಹೌದು, ನನ್ನ ಅಮ್ಮ ಕೂಡ," ಎಂದಳು. ಶುಂಠಿ ಇರಲಿಲ್ಲ. ಅಲ್ಲಿದ್ದ ಕರಿಮೆಣಸು, ಬೆಳ್ಳುಳ್ಳಿ, ಉಪ್ಪು ಇಷ್ಟನ್ನೇ ಲೋಟದ ಬುಡದಲ್ಲಿ ಕುಟ್ಟಿ ಬೆಣ್ಣೆಯಲ್ಲಿ ಕಲಸಿ ಹಚ್ಚಿದಳು. ನನ್ನ ಡಬ್ಬಿಯಿಂದ ಬೆರಳ ತುದಿಯಷ್ಟು ತೆಗೆದುಕೊಂಡಳು, ಬಣ್ಣಕ್ಕೆ. ನಂತರ ಸುತ್ತ ನೋಡಿ, "ಎಲೆ ಬೇಕಿತ್ತ್," ಎಂದಳು. ಊರಿನಲ್ಲಾದರೆ ಅರಿಸಿನದ ಎಲೆ, ಬಾಳೆ ಎಲೆ. ಇಲ್ಲಿ ಎಲ್ಲಿಂದ ತರುವುದು? ಅವಳ ಕಣ್ಣು ಕಿಟಕಿಯಾಚೆಯ ಚಪ್ಪರಕ್ಕೆ ಹೋಯಿತು. ಅಜ್ಜಿಯ ಮುಖ ನೋಡಿದಳು. "ಅದಕ್ಕೆ ಮದ್ದು ಹೊಡೆದಿಲ್ಲ, ಕೊಯ್ದುಕೋ," ಎಂದು ಅಜ್ಜಿ ಕೋಲಿನಲ್ಲೇ ಚಪ್ಪರ ತೋರಿಸಿದರು. ಎಲೆ ತರುವ ಕೆಲಸ ನನಗೆ ಬಂತು.

ಮೀನನ್ನು ದ್ರಾಕ್ಷಿ ಎಲೆಯಲ್ಲಿ ಸುತ್ತಿ, ನೂಲು ಕಟ್ಟಿ, ಕಬ್ಬಿಣದ ಬಾಣಲೆಯಲ್ಲಿ ಮುಚ್ಚಿಟ್ಟಳು. ಎಲೆಯ ಅಂಚು ಕರಟುವ ವಾಸನೆ ಎದ್ದಿತು, ಸ್ವಲ್ಪ ಹುಳಿ, ಸ್ವಲ್ಪ ಹೊಗೆ. ಬೇಯುವಷ್ಟು ಹೊತ್ತು ಅವಳು ಸೊಂಟಕ್ಕೆ ಕೈಯಿಟ್ಟು ಅಡುಗೆಮನೆಯನ್ನು ನೋಡಿದಳು. ನೀರಿನ ಕಡೆಗೆ ಕಿಟಕಿ. ಗೋಡೆಗೆ ಮಣ್ಣಿನ ಜಾಡಿಗಳು. ನೆಲಕ್ಕೆ ದೊಡ್ಡ ಕಲ್ಲಿನ ಚಪ್ಪಡಿ. ಇದ್ದಕ್ಕಿದ್ದ ಹಾಗೆ ಹಿಮ್ಮಡಿ ಎತ್ತಿ ನೆಲಕ್ಕೆ ದಪ್ ಎಂದು ಒದ್ದಳು. ಅಜ್ಜಿ ಬೆಚ್ಚಿಬಿದ್ದರು.

"ಕೇಣಿ ಅವ್ರತ್ರ, ಕೆಳ್ಗೆ ಯಾರ್ ಇದ್ರ್ ಅಂದೇಳಿ."

ಕೇಳಿದೆ. "ಕೆಳಗೆ ಯಾರಿರುತ್ತಾರೆ? ಬಂಡೆ, ಅದರ ಕೆಳಗೆ ಇನ್ನೂ ಬಂಡೆ," ಎಂದು ಅಜ್ಜಿ ನಕ್ಕರು.

ಅವಳು ಮತ್ತೊಮ್ಮೆ ಒದ್ದು ನೋಡಿದಳು. ಸದ್ದು ಎಲ್ಲೂ ಗುಡುಗಲಿಲ್ಲ. ಒದ್ದಲ್ಲೇ ಹೂತುಹೋಯಿತು.

ಎಲೆ ಬಿಚ್ಚಿದಾಗ ಮೀನು ಇಡಿಯಾಗಿ, ಬೆಳ್ಳಗೆ, ಹೊಳೆಯುತ್ತ ಹೊರಬಂತು. ಅಜ್ಜಿ ತಿಂದರು. ಫೋರ್ಕ್ ಕೆಳಗಿಟ್ಟು ಬೆರಳಲ್ಲೇ ತಿಂದರು. ಒಂದು ಮುಳ್ಳನ್ನೂ ಬಾಯಿಂದ ತೆಗೆಯಲಿಲ್ಲ. ಕೊನೆಗೆ ಕೈ ಒರೆಸಿಕೊಂಡು, "ನನ್ನ ಕಡೆಯಿಂದ ಸರಿ," ಎಂದು ನನಗೆ ಹೇಳಿ, ಕಣ್ಣನ್ನು ಅವಳ ಕಡೆ ತಿರುಗಿಸಿದರು. "ಇವರ ಕಡೆಯಿಂದ?"

ನಾನು ಮುಖ ತಪ್ಪಿಸಿ, "ಮೀನು ಇಷ್ಟವಾಯಿತಂತೆ," ಎಂದೆ.

"ನಂಗೂ ಕೆಮಿ ಇತ್ತ್. ಅಷ್ಟ್ ಜರ್ಮನ್ ಅರ್ಥ ಆತ್ತ್," ಎಂದು ಹೆಂಡತಿ ತನ್ನ ಕಿವಿ ಮುಟ್ಟಿದಳು. "ಮಗ್ಳ್ ಎಲ್ಲ ಹೇಳಿದ್ಲ್. ಒಂದ್ ವಾರದಿಂದ ಕಾಯ್ತಿದ್ದೆ, ಇವತ್ ಕೇಂತ್ರಾ, ನಾಳಿ ಕೇಂತ್ರಾ ಅಂದೇಳಿ. ನೀವ್ ಕಂಡ್ರೆ ಮಿಕ್ಸಿ ಹಾಯ್ಕಂಡ್ ಮಸಾಲಿ ಅರೂಕೆ ನಿಂತ್ರಿ. ಮೀನಿಗೂ ಹಾಂಗೇ, ನಂಗೂ ಹಾಂಗೇ. ಮೊದ್ಲ್ ಮುಖ ಕಾಣ್ಕ್, ಆಮೇಲ್ ಅರೀಕ್."

ಅಜ್ಜಿಗೆ ಭಾಷೆ ತಿಳಿಯದಿದ್ದರೂ ಮಾತು ಯಾವುದೆಂದು ತಿಳಿಯಿತು. ಕೋಲೂರಿಕೊಂಡು ಚಪ್ಪರದ ಕಡೆ ಹೊರಟುಹೋದರು. ಅಡುಗೆಮನೆಯಲ್ಲಿ ನಾವಿಬ್ಬರೇ. ಕಿಟಕಿಯಾಚೆ ನೀರಿನ ಮೇಲೆ ಬಿಸಿಲು ಚೂರುಚೂರಾಗಿ ಕುಣಿಯುತ್ತಿತ್ತು. ಬಿಳಿ ಹಾಯಿಯ ದೋಣಿಯೊಂದು ಹಿಮಬೆಟ್ಟದ ಮುಂದಿನಿಂದ ಮೆಲ್ಲಗೆ ಸರಿಯುತ್ತಿತ್ತು. ಇಷ್ಟು ಚೆಂದದ ಕಿಟಕಿಯ ಮುಂದೆ ನಿಂತು ನಾನು ಒಲೆಯ ಗುಂಡಿ ತಿರುಗಿಸುತ್ತಿದ್ದೆ.

"ಕೇಣಿ," ಎಂದಳು.

ಮಾಲೀಕರ ಹತ್ತಿರ ಸಂಬಳ ಹೆಚ್ಚಿಸಿ ಎಂದು ಕೂಡ ನಾನು ಬಾಯಿಬಿಟ್ಟು ಕೇಳಿದವನಲ್ಲ. ಒಲೆಯ ಗುಂಡಿ ಬಿಟ್ಟು, ಅವಳ ಮುಖ ನೋಡಿ ಕೇಳಿದೆ: "ಇಲ್ಲ್ ಬಂದ್ ಇಪ್ಪನಾ?"

ಅವಳು ಕಿಟಕಿಯ ಕೆಳಗಿನ ಮೂಲೆಗೆ ಹೋಗಿ, ಸೀರೆ ಒತ್ತಿಕೊಂಡು ಚಪ್ಪಡಿಯ ಮೇಲೆ ಕೂತಳು. ಕಾಲು ಚಾಚಿ, ಬಲಗೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು, ಗುಂಡುಕಲ್ಲು ತಿರುಗಿಸುವವರ ಹಾಗೆ. ಮೊಣಕೈ ಗೋಡೆಗೆ ತಾಗುತ್ತದೆಯೇ ಎಂದು ನೋಡಿ, ಸ್ವಲ್ಪ ಈಚೆ ಸರಿದು, ಮತ್ತೆ ತಿರುಗಿಸಿದಳು.

"ಮೀನಿನ್ ಕೆಲ್ಸ ನಂದ್. ನೀವ್ ದೋಸೆ ಹೊಯ್ಕಣಿ, ಕೋಳಿ ಸುಟ್ಕಣಿ. ಮೀನ್ ಮುಟ್ಟೂಕಿಲ್ಲ."

"ಆಯ್ತ್," ಎಂದೆ. ಸಿಕ್ಕಿದ್ದು ನನ್ನ ಒಲೆ. ಅದರ ಅರ್ಧ ಹೋಯಿತು. ಆದರೂ ಆಯ್ತ್ ಎಂದೆ.

"ಕಲ್ಲ್ ನೀವೇ ಹೊತ್ಕಂಡ್ ಬರ್ಕ್. ಮೂಟೆ ಹೊರೂ ಜನಕ್ಕೆ ಕೊಡೂದಲ್ಲ."

"ಆಯ್ತ್ ಮಾರಾಯ್ತಿ."

ಮುಂದಿನ ಸೋಮವಾರ ಕೆಲ್ಲರಿನಿಂದ ಕಲ್ಲನ್ನು ಎತ್ತಿ, ಧೂಳು ಒರೆಸಿ, ಹಳೆಯ ಕಂಬಳಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದೋಣಿಯಲ್ಲಿ ಕಾಲಿನ ನಡುವೆ ಇಟ್ಟುಕೊಂಡೆ. ಬಸ್ಸು ಇಳಿದರೆ ಊರು ಮತ್ತೆ ಹಾಗೇ, ಹೆಂಚಿನ ಮಾಡುಗಳು ಹೆಗಲಿಗೆ ಹೆಗಲು ಕೊಟ್ಟು ನೀರಿನ ತನಕ ಇಳಿದು ನಿಂತಿದ್ದವು. ನೋಡುತ್ತ ನಿಲ್ಲಲು ಈ ಸಲ ಭಾರ ಬಿಡಲಿಲ್ಲ. ತಟ್ಟೆಯಂತೆ ಸವೆದ ಮೆಟ್ಟಿಲುಗಳ ಮೇಲೆ ಒಂದೊಂದೇ ಹೆಜ್ಜೆ ಊರಿ ಇಳಿದೆ. ಇಲ್ಲಿ ಹಿಂದೆ ಏನೇನು ಹೊತ್ತು ಇಳಿದವರ ಕಾಲಿಗೆ ಈ ಕಲ್ಲು ಹೀಗೆ ಸವೆಯಿತೋ ಎಂದುಕೊಂಡೆ.

ಮುಂದೆ ಹೋಗುತ್ತಿದ್ದ ಹೆಂಡತಿ ತಿರುಗಿ ನಿಂತು, "ಮೆಟ್ಲ್ ಜಾಸ್ತಿ ಅಂದೇಳಿ ನಾ ಅವತ್ತೇ ಹೇಳಿದ್ದೆ," ಎಂದಳು.